ರಬ್ಬರಿಲ್ಲದ ಹಿಡಿಕೆ

ಪ್ರಭು ಇವತ್ತು ತನ್ನ ಮಿಷನ್ ಅಂಗಡಿಯಲ್ಲಿ ಇರದಿದ್ದರೆ ಸಾಕು ಎಂದು ಬಸ್ಸು ತಳಕು ದಾಟುವಷ್ಟರಲ್ಲಿ ಮಾರುತೇಶ ನಾಲ್ಕನೇ ಸಲ ಅಂದುಕೊಂಡ. ಇರದಿರುವುದಕ್ಕೆ ಕಾರಣಗಳನ್ನೂ ತಾನೇ ಹುಡುಕಿಕೊಟ್ಟ. ಸಂಕ್ರಾಂತಿ ಮುಗಿದು ಮೂರೇ ದಿನ, ಹೆಂಡತಿಯ ಊರಿಗೆ ಹೋದವನು ಇನ್ನೂ ಬಂದಿರಲಿಕ್ಕಿಲ್ಲ. ಪಂಪ್‌ಸೆಟ್ ರಿಪೇರಿಗೆಂದು ಯಾರದೋ ತೋಟಕ್ಕೆ ಹೋಗಿರಬಹುದು. ಗಲ್ಲಾದಲ್ಲಿ ಅವನ ಅಪ್ಪ ಕೂತಿರಬಹುದು, ಅಪ್ಪನಿಗೆ ಹೋದ ವರ್ಷದ ಮಾತು ಗೊತ್ತಿರುವುದಿಲ್ಲ. ಕಿಟಕಿ ಪಕ್ಕದಲ್ಲಿ ಅಕ್ಕನ ಗಂಡ ಸೂರಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ನೋಡುತ್ತಿದ್ದ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡು ಬೆರಳಷ್ಟು ಸಂದಿಯಿಂದ ಚಳಿಗಾಳಿ ನೇರ ಅವನ ಮೇಲೆ ಬೀಳುತ್ತಿತ್ತು. ಜಾಗ ಬದಲಿಸೋಣ ಎಂದು ಹೇಳಬೇಕೆಂದು ಮಾರುತೇಶನಿಗೆ ಹಾನಗಲ್ಲಿನಿಂದಲೂ ಅನ್ನಿಸುತ್ತಿತ್ತು. ಹೇಳಿದರೆ ಯಾಕೆ ಎಂಬ ಮಾತು ಬರುತ್ತದೆ, ಯಾಕೆ ಎಂದರೆ ಕೈ ಎನ್ನಬೇಕಾಗುತ್ತದೆ. ಹೇಳಲಿಲ್ಲ.

ಭಾವಮೈದುನರಿಬ್ಬರೂ ಸೇರಿ ಬೇಲಿಗಿಡ ಕತ್ತರಿಸುವ ಕೆಲಸಕ್ಕೆ ಇಳಿದು ಆರು ವರ್ಷವಾಗಿತ್ತು. ಚಳ್ಳಕೆರೆಯಲ್ಲಿ ಎರಡು ಕಾಲೇಜು, ಒಂದು ಕಲ್ಯಾಣಮಂಟಪ, ಎಣ್ಣೆ ಮಿಲ್ಲಿನವರ ನಾಲ್ಕು ಬಂಗಲೆ. ಕೆಲಸ ಮಾತಾಡುವವನು ಮಾರುತೇಶ, ಕತ್ತರಿ ಹಿಡಿಯುವವನು ಸೂರಪ್ಪ. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ, ಹಾಗೆ ಆಗಿಹೋಗಿತ್ತು. ಮೂವತ್ತು ವರ್ಷ ಮೊಳಕಾಲ್ಮೂರಿನ ಮಗ್ಗದ ಗುಂಡಿಯಲ್ಲಿ ಕೂತ ಕಣ್ಣು ಸೂರಪ್ಪನದು. ತೊಂಬತ್ತು ಅಡಿ ಉದ್ದದ ಗಿಡದ ಸಾಲಿನಲ್ಲಿ ಎಲ್ಲಿ ಒಂದು ಬೆರಳು ಎದ್ದಿದೆ, ಎಲ್ಲಿ ಅರ್ಧ ಬೆರಳು ಇಳಿದಿದೆ ಎಂದು ಆಚೆ ತುದಿಯಲ್ಲಿ ನಿಂತು ಹೇಳುತ್ತಿದ್ದ. ಎರಡು ಕಬ್ಬಿಣದ ಸರಳು ನೆಟ್ಟು, ನಡುವೆ ದಾರ ಬಿಗಿದು, ದಾರಕ್ಕೆ ತಾಗಿಯೂ ತಾಗದ ಹಾಗೆ ಕತ್ತರಿಸುವುದು ಅವನೇ ತಂದ ಕ್ರಮ. ಐದು ವರ್ಷ ಕೈಕತ್ತರಿಯಲ್ಲೇ ನಡೆಯಿತು. ಹೋದ ವರ್ಷದ ಸಂಕ್ರಾಂತಿಯ ಹೊತ್ತಿಗೆ ಬಂಗಲೆಗಳವರು ಒಬ್ಬರ ಹಿಂದೆ ಒಬ್ಬರು ಮಿಷನ್ ತರಲಿಲ್ಲವೇ ಎಂದು ಕೇಳತೊಡಗಿದಾಗ ಮಾರುತೇಶ ಒಬ್ಬನೇ ಪ್ರಭುವಿನ ಅಂಗಡಿಗೆ ಹೋಗಿದ್ದ.

ಎರಡು ಇದ್ದವು, ಎರಡೂ ಪೆಟ್ರೋಲಿನವು. ಒಂದರ ಅಲಗು ಅರವತ್ತು ಸೆಂಟಿಮೀಟರು, ಇನ್ನೊಂದರದು ಎಪ್ಪತ್ತೈದು. ಎಪ್ಪತ್ತೈದರದು ಪೆಟ್ರೋಲ್ ತುಂಬಿದರೆ ಆರು ಕಿಲೋ ಇನ್ನೂರು ಗ್ರಾಂ ತೂಗುತ್ತಿತ್ತು, ಕಿತ್ತಳೆ ಬಣ್ಣ, ಹೆಗಲ ಮೇಲಿಟ್ಟುಕೊಂಡು ಗೇಟಿನೊಳಗೆ ಹೋದರೆ ಯಾರೋ ಬಂದರು ಎನ್ನಿಸುವ ಹಾಗಿತ್ತು. ಪ್ರಭು ಅದನ್ನು ತಿರುಗಿಸಿ ಹಿಡಿಕೆಯ ಬುಡ ತೋರಿಸಿದ್ದ. "ನೋಡ್ರಿ ಅಣ್ಣ, ಹಿಡಿಕೆಗೂ ಎಂಜಿನ್ನಿಗೂ ನಡುವೆ ರಬ್ಬರ್ ಇಲ್ಲ ಇದರಾಗೆ. ಅಲುಗಾಟ ಪೂರಾ ಕೈಗೇ ಬರುತ್ತೆ. ಮನೆ ಅಂಗಳಕ್ಕೆ ಅರ್ಧ ಗಂಟೆ ಆದ್ರೆ ಚಿಂತಿಲ್ಲ. ದಿನಾ ಹಿಡಿಯೋರಿಗೆ ಬ್ಯಾಡ, ಬೆರಳು ಹೋಗ್ತಾವೆ. ತಗೊಂಡ್ರೂ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡಬೇಕು." ಮಾರುತೇಶ ಪೂರ್ತಿ ಕೇಳಿಸಿಕೊಂಡಿದ್ದ. ಕೇಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ್ದುಂಟು, ಆಗಲಿಲ್ಲ. ಕೇಳಿಸಿತ್ತು, ಅರ್ಥವೂ ಆಗಿತ್ತು. ಆಗ ಮನಸ್ಸಿನಲ್ಲಿ ಬಂದದ್ದು ಒಂದೇ ಮಾತು, ಕಣ್ಣು ಮಿಟುಕಿಸುವಷ್ಟು ಹೊತ್ತು: ಹಿಡಿಯುವವನು ನಾನಲ್ಲವಲ್ಲ. ಅದನ್ನು ಅವನು ಯೋಚಿಸಲಿಲ್ಲ, ಅದು ಬಂದು ಹೋಯಿತು. ಎಪ್ಪತ್ತೈದರದನ್ನೇ ಕಟ್ಟಿಸಿಕೊಂಡು ಬಂದ. ಮನೆಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಲೆಕ್ಕ, ಅಲಗಿಗೆ ಗ್ರೀಸು ಹಚ್ಚುವ ಜಾಗ ಎಲ್ಲ ಭಾವನಿಗೆ ಹೇಳಿಕೊಟ್ಟ. ಇಪ್ಪತ್ತು ನಿಮಿಷದ ಮಾತು ಹೇಳಲಿಲ್ಲ.

"ಚಳ್ಳಕೆರೆ ಬಂತು, ಏಳು," ಎಂದ ಸೂರಪ್ಪ. ಬಂದಿರಲಿಲ್ಲ, ಊರಿನ ಮೊದಲ ಎಣ್ಣೆ ಮಿಲ್ಲು ಕಾಣಿಸಿತ್ತು, ಅಷ್ಟೇ.

"ನಾನು ಮಲಗಿಲ್ಲ ಭಾವ."

"ಕಣ್ಣು ಮುಚ್ಚಿದ್ದೆ."

"ಸುಮ್ಮನೆ ಮುಚ್ಚಿದ್ದೆ."

"ಸುಮ್ಮನೆ ಕಣ್ಣು ಮುಚ್ಚೋ ವಯಸ್ಸೇನಲೇ ನಿನ್ನದು," ಎಂದು ಸೂರಪ್ಪ ನಕ್ಕ. ಕೈ ಕಂಕುಳಿಂದ ತೆಗೆಯಲಿಲ್ಲ.

ಬೆಳಿಗ್ಗೆ ಮೊಳಕಾಲ್ಮೂರಿನ ಮನೆಯಲ್ಲಿ ಚಹಾದ ಲೋಟವನ್ನೂ ಅವನು ಹೀಗೆಯೇ ಎರಡು ಅಂಗೈಗಳ ನಡುವೆ ಹಿಡಿದಿದ್ದ, ಬೆರಳುಗಳನ್ನು ಹೊರಗೆ ಚಾಚಿ. ತಣ್ಣೀರಿನಲ್ಲಿ ಮುಖ ತೊಳೆದು ಬಂದ ಮೇಲೆ ಬಲಗೈಯ ಮೂರು ಬೆರಳಿನ ತುದಿ ಬಿಳಿಚಿಕೊಂಡು, ಬೇರೆ ಯಾರದೋ ಬೆರಳು ತಂದು ಅಂಟಿಸಿದ ಹಾಗೆ ಕಾಣುತ್ತಿದ್ದವು. ಮಾರುತೇಶ ನೋಡಿ ನೋಡದವನಂತೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದ. ಅಕ್ಕ ಉಚ್ಚಂಗೆಮ್ಮ ಮಗ್ಗದ ಮುಂದೆ ಕೂತು ಅಚ್ಚು ಕೆಚ್ಚುತ್ತಿದ್ದಳು. ನೇಯ್ದು ಮುಗಿದ ಹಾಸಿನ ಒಂದೊಂದು ಉದ್ದೆಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಹೊಸೆಯುವ ಕೆಲಸ, ನಾಲ್ಕು ಸಾವಿರಕ್ಕೂ ಮೇಲೆ ಎಳೆ. ರೇಷ್ಮೆ ಜಾರದಿರಲೆಂದು ಪಕ್ಕದಲ್ಲಿ ತಟ್ಟೆ ತುಂಬ ಬೂದಿ. ಇದು ಸೂರಪ್ಪನ ಕೆಲಸ. ನೇಯುವುದು ಬಿಟ್ಟ ಮೇಲೂ ಓಣಿಯ ಯಾರ ಮನೆಯಲ್ಲಿ ಹಾಸು ಮುಗಿದರೂ ಕೆಚ್ಚಲು ಅವನಿಗೇ ಕರೆ ಬರುತ್ತಿತ್ತು. ಅವನ ಕೈಯಲ್ಲಿ ಕೆಚ್ಚಿದ ಎಳೆ ಬಾಚಣಿಗೆಯಂಥ ಅಚ್ಚಿನ ಸಂದಿಯಲ್ಲಿ ಬಿಚ್ಚಿಕೊಂಡಿದ್ದಿಲ್ಲ ಎಂಬ ಹೆಸರಿತ್ತು. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಾರುತೇಶ ಹೇಳದೆ ಅಕ್ಕನ ಮನೆಗೆ ಬಂದಾಗ ಗಂಡಹೆಂಡಿರಿಬ್ಬರೂ ನೆರೆಮನೆಯವರು ತಂದುಕೊಟ್ಟ ಹಾಸಿನ ಮುಂದೆ ಕೂತಿದ್ದರು. ಸೂರಪ್ಪನ ಬೆರಳ ತುದಿಗೆ ಬೂದಿ ಹತ್ತಿತ್ತು, ಬೀದಿಯಿಂದ ನೋಡಿದವರಿಗೆ ಅವನೇ ಕೆಚ್ಚುತ್ತಿದ್ದಾನೆ ಅನ್ನಿಸಬೇಕು. ಹೊಸೆಯುತ್ತಿದ್ದವಳು ಅಕ್ಕ. ಅವಳು ತಮ್ಮನನ್ನು ನೋಡಿ ಎದ್ದು ಬಾಗಿಲು ಮುಂದೆ ಮಾಡಿದಳು.

ಇವತ್ತು ಬೆಳಿಗ್ಗೆ ಅವಳು ಹೇಳಿದ್ದು ಇಷ್ಟೇ. "ಹೊಸ ಮಿಷನ್ ತರೋಕೆ ಈ ಸಲ ಭಾವನ್ನೂ ಕರ್ಕೊಂಡು ಹೋಗು. ಹಿಡಿಯೋರು ಹಿಡಿದು ನೋಡ್ಲಿ."

"ನಾನೇ ತರ್ತೀನಿ ಬಿಡಕ್ಕ. ಅವರಿಗ್ಯಾಕೆ ತೊಂದರೆ."

"ಹೋದ ಸಲಾನೂ ನೀನೇ ತಂದಿದ್ದೆ," ಎಂದಳು ಉಚ್ಚಂಗೆಮ್ಮ, ಎಳೆಯಿಂದ ಕಣ್ಣೆತ್ತದೆ. "ಏನಾದ್ರೂ ಹೇಳೋದಿದ್ರೆ ಜೋರಾಗಿ ಹೇಳು ಅವರಿಗೆ. ಆ ಮಿಷನ್ ಸದ್ದಿಗೆ ಕಿವೀನೂ ಅಷ್ಟಕ್ಕಷ್ಟೇ ಆಗೈತೆ."

ಪ್ರಭು ಅಂಗಡಿಯಲ್ಲಿದ್ದ. ಹೊರಗೆ ನಿಂತು ಡೀಸೆಲ್ ಪಂಪಿನ ಮೇಲೆ ಹೊದಿಸಿದ್ದ ಗೋಣಿಚೀಲ ಕೊಡವುತ್ತಿದ್ದವನು ದೂರದಿಂದಲೇ ಗುರುತು ಹಿಡಿದ. "ಬರ್ರಿ ಅಣ್ಣ ಬರ್ರಿ. ಹೋದ ವರ್ಷ ದೊಡ್ಡದು ತಗೊಂಡು ಹೋದೋರು ನೀವಲ್ವಾ? ಹೆಂಗೈತೆ?"

"ಚೆನ್ನಾಗೈತೆ," ಎಂದ ಮಾರುತೇಶ ತಕ್ಷಣ. "ಇನ್ನೊಂದು ಬೇಕಾಗಿತ್ತು. ಹಗುರದ್ದು." ಮಾತು ಮುಂದಕ್ಕೆ ಹೋಗದಿರಲೆಂದು ಒಳಗೆ ನುಗ್ಗಿದ. ಹಿಂದೆ ಸೂರಪ್ಪ ಚಪ್ಪಲಿ ಬಿಟ್ಟು ಬಂದ. ಯಾವ ಅಂಗಡಿಗೆ ಹೋದರೂ ಅವನು ಚಪ್ಪಲಿ ಬಿಡುವವನೇ.

ಪ್ರಭು ಮೂರು ಟ್ರಿಮ್ಮರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಎರಡು ಪೆಟ್ರೋಲು, ಒಂದು ಬ್ಯಾಟರಿ. ಯಾವ ಗಿಡ ಜಾಸ್ತಿ ಎಂದು ಕೇಳಿದ. ಡುರಾಂಟ, ಕೆಲವು ಕಡೆ ಕಾಗದದ ಹೂವಿನ ಗಿಡ ಎಂದ ಮಾರುತೇಶ. ಹಾಗಾದರೆ ಹಲ್ಲಿನ ನಡುವಿನ ಸಂದಿ ನೋಡಬೇಕು ಎಂದು ಪ್ರಭು ಒಂದು ಪೆನ್ಸಿಲನ್ನು ಅಲಗಿನ ಹಲ್ಲುಗಳ ನಡುವೆ ಇಟ್ಟು ತೋರಿಸಿದ. ಬ್ಯಾಟರಿಯದರ ಸಂದಿ ಎರಡು ಸೆಂಟಿಮೀಟರಿಗೂ ಕಡಿಮೆ, ಡುರಾಂಟಕ್ಕೆ ಧಾರಾಳ. ಕಾಗದದ ಹೂವಿನ ದಪ್ಪ ಕಡ್ಡಿಗೆ ಹೆಂಗೂ ಕೈಕತ್ತರಿಯೇ ಸರಿ. ಅಲಗು ಐವತ್ತೈದು, ಎರಡೂ ಮಗ್ಗುಲು ಕತ್ತರಿಸುತ್ತದೆ. ಬ್ಯಾಟರಿ ಸೇರಿ ಮೂರು ಕಿಲೋ ಆರುನೂರು. ಒಂದು ಬ್ಯಾಟರಿ ಒಂದು ಗಂಟೆ ಬರುತ್ತದೆ, ಎರಡು ಇಟ್ಟುಕೊಳ್ಳಬೇಕು. ಅದನ್ನೆಲ್ಲ ಕೇಳುತ್ತಿದ್ದ ಮಾರುತೇಶನ ಕಣ್ಣು ಮಾತ್ರ ಪೆಟ್ರೋಲಿನದರ ಉದ್ದ ಅಲಗಿನ ಮೇಲೆ ಹೋಗಿ ಹೋಗಿ ನಿಲ್ಲುತ್ತಿತ್ತು. ಈ ಬ್ಯಾಟರಿಯದನ್ನು ಹಿಡಿದು ಎಣ್ಣೆ ಮಿಲ್ಲಿನ ಸೋಮಶೇಖರಪ್ಪನವರ ಗೇಟಿನೊಳಗೆ ಹೋದರೆ ಆಟದ ಸಾಮಾನು ತಂದ ಹಾಗಿರುತ್ತದೆ ಎಂಬುದು ಅವನ ತಲೆಗೆ ಮೊದಲು ಬಂದದ್ದು. ಪಕ್ಕದಲ್ಲಿ ಭಾವ ನಿಂತಿರುವಾಗಲೂ, ಆ ಬಿಳಿಚಿದ ಬೆರಳು ನೋಡಿ ಬಂದ ಮೇಲೂ, ಮೊದಲು ಬಂದದ್ದು ಅದೇ.

ಸೋಮಶೇಖರಪ್ಪನವರ ಗೇಟು. ಅವತ್ತು ದೀಪಾವಳಿಗೆ ಇನ್ನೂ ಎರಡು ದಿನ ಇತ್ತು. ಎಣ್ಣೆ ಮಿಲ್ಲಿನ ಸಾವ್ಕಾರರು ಪಡಸಾಲೆಯ ಕುರ್ಚಿ ಬಿಟ್ಟು ಮೆಟ್ಟಿಲಿಳಿದು ಬಂದು ಸೂರಪ್ಪನ ಕೈಯಲ್ಲಿದ್ದ ಯಂತ್ರವನ್ನೇ ನೋಡುತ್ತ ನಿಂತರು. ರೇಸ್ ಕೊಡುವ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಬೆರಳು ಬಿಟ್ಟರೆ ಅಲಗು ನಿಲ್ಲಬೇಕು. ಸೂರಪ್ಪ ಅದನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿಬಿಟ್ಟಿದ್ದ. ಕೈ ಜಾರಿದರೂ ಅಲಗು ಓಡುತ್ತಲೇ ಇರುತ್ತಿತ್ತು. "ಏನಪ್ಪಾ ಮಾರುತೇಶ, ನಿಮ್ಮೋರು ಯಾರದಾರ ಕಾಲು ತೆಗೀತಾರೇನು ನಮ್ಮನೇಲಿ," ಎಂದರು ಸೋಮಶೇಖರಪ್ಪ, ನಗುತ್ತಲೇ. ಆ ನಗು ತನ್ನ ಮೇಲೆ ಬೀಳದಿರಲೆಂದು ಮಾರುತೇಶ ಮಾಡಿದ್ದು: ಮುಂದೆ ಹೋಗಿ ಎಂಜಿನ್ ಆರಿಸಿ, ಚಾಕುವಿನಿಂದ ಟ್ಯೂಬು ಕೊಯ್ದು ಭಾವನ ಕಾಲ ಬಳಿ ಎಸೆದು, "ಬುದ್ಧಿ ಐತೇನೋ ನಿನಗೆ? ಎಷ್ಟು ಸಲ ಹೇಳಬೇಕೋ," ಎಂದ. ಗೇಟಿನಾಚೆ ಹಾಲಿನವನು ಸೈಕಲ್ ನಿಲ್ಲಿಸಿ ನೋಡುವಷ್ಟು ಗಟ್ಟಿಯಾಗಿ. ಹನ್ನೆರಡು ವರ್ಷ ದೊಡ್ಡವನು, ಅಕ್ಕನ ಗಂಡ, ಮದುವೆಯಲ್ಲಿ ತಾನೇ ಕಾಲು ತೊಳೆದ ಭಾವ. ಎಷ್ಟೋ ಸಲ ಇರಲಿ, ಒಂದು ಸಲವೂ ಹೇಳಿರಲಿಲ್ಲ. ಯಾಕೆ ಕಟ್ಟಿದ್ದ ಎಂಬುದು ಶ್ರಾವಣದಿಂದಲೂ ಗೊತ್ತಿತ್ತು. ಗುಂಡಿ ಒತ್ತಿದೆಯೋ ಇಲ್ಲವೋ ಎಂದು ತಿಳಿಯದ ಬೆರಳಿಗೆ ಬೇರೆ ದಾರಿ ಏನಿತ್ತು? ಸೂರಪ್ಪ ಬಗ್ಗಿ ಟ್ಯೂಬಿನ ತುಂಡುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಸಂಜೆವರೆಗೆ ಎರಡು ಬೆರಳು ಸೇರಿಸಿ ಗುಂಡಿ ಅಮುಕಿಕೊಂಡು ತೊಂಬತ್ತು ಅಡಿ ಮುಗಿಸಿದ. ಸಾಲು ಒಂದು ಕಡೆಯೂ ಎದ್ದಿರಲಿಲ್ಲ.

"ಯಾರು ಹಿಡಿಯೋರು?" ಪ್ರಭು ಕೇಳಿದ. "ಹಿಡಿಯೋರೇ ಹಿಡಿದು ನೋಡಿದ್ರೆ ಗೊತ್ತಾಗುತ್ತೆ."

"ನಾನೇ," ಎಂದು ಸೂರಪ್ಪ ಮುಂದೆ ಬಂದ. ಬ್ಯಾಟರಿಯದನ್ನು ಎತ್ತಿದ. "ಇದೇನಪ್ಪಾ, ಮೊಲದ ಮರಿ ಇದ್ದಂಗೈತೆ."

"ಎದೆ ಎತ್ತರಕ್ಕೆ ಹಿಡ್ಕೊಳ್ರಿ. ಎರಡೂ ಕಡೆ ಸ್ವಿಚ್ ಐತೆ, ಎರಡೂ ಕೈ ಒತ್ತಿದ್ರೇನೆ ಅಲಗು ಓಡೋದು. ಒಂದು ಬಿಟ್ರೂ ನಿಲ್ಲುತ್ತೆ. ಒತ್ರಿ."

ಸೂರಪ್ಪ ಒತ್ತಿದ. ಅಲಗು ಝುಯ್ಯೆಂದು ಓಡಿ ನಿಂತಿತು. ಮತ್ತೆ ಓಡಿತು, ನಿಂತಿತು. ಎಡಗೈಯ ಸ್ವಿಚ್ಚು ಅಂಗೈಯಿಂದ ಒತ್ತುವುದು, ಅದು ಸರಿ ಇತ್ತು. ಬಲಗೈಯ ಬೆರಳು ತಾನಾಗಿ ಸಡಿಲವಾಗುತ್ತಿತ್ತು, ಸಡಿಲವಾದದ್ದು ಅದರ ಒಡೆಯನಿಗೆ ತಿಳಿಯುತ್ತಿರಲಿಲ್ಲ. ಅವನು ಬೆರಳನ್ನು ಕಣ್ಣಿನಿಂದ ನೋಡಿ ನೋಡಿ ಒತ್ತುತ್ತಿದ್ದ, ಓದು ಕಲಿಯುವವರು ಅಕ್ಷರದ ಮೇಲೆ ಬೆರಳಿಟ್ಟು ನೋಡುವ ಹಾಗೆ. ಪಂಪಿನ ಪೈಪು ಕೇಳಲು ಬಂದಿದ್ದ ಇಬ್ಬರು ರೈತರು ತಿರುಗಿ ನೋಡಿದರು. ಪ್ರಭು ಯಂತ್ರವನ್ನು ಮೆಲ್ಲನೆ ತೆಗೆದುಕೊಂಡು ಮೇಜಿನ ಮೇಲಿಟ್ಟು, ಸೂರಪ್ಪನ ಬಲಗೈಯನ್ನು ತಿರುಗಿಸಿ ನೋಡಿದ.

"ತಣ್ಣೀರು ಮುಟ್ಟಿದ್ರೆ ಬಿಳಿಚಿಕೊಳ್ತಾವಾ?"

"ಚಳಿಗೆ ಸ್ವಲ್ಪ."

"ಜುಮ್ ಅಂತಾವಾ?"

"ಮೊದ್ಲು ಅಂತಿದ್ವು. ಈಗ ಏನೂ ಅನ್ನಲ್ಲ, ಸುಮ್ಮನದಾವೆ."

ಪ್ರಭು ಮಾರುತೇಶನತ್ತ ತಿರುಗಿದ. ಕೋಪವೇನಿರಲಿಲ್ಲ ಆ ಮುಖದಲ್ಲಿ, ಅರ್ಥವಾಗದ ನೋಟವಿತ್ತು. "ಅಣ್ಣ, ನಾನು ಹೋದ ವರ್ಷ ನಿಮಗೆ ಅಷ್ಟು ಬಿಡಿಸಿ…"

ಬಂತು, ಎಂದುಕೊಂಡ ಮಾರುತೇಶ. ಎದುರಿನ ಗೋಡೆಯಲ್ಲಿ ನೀಲಿ ಪೈಪುಗಳು ಸುರುಳಿ ಸುರುಳಿಯಾಗಿ ತೂಗುತ್ತಿದ್ದವು, ಅವನ್ನು ಎಣಿಸತೊಡಗಿದ.

"ಹೇಳಿದ್ರಿ," ಎಂದ ಸೂರಪ್ಪ. "ಮಾರುತೇಶ ಬಂದು ಹೇಳಿದ್ದ ನನಗೆ. ರಬ್ಬರ್ ಇಲ್ಲ, ಬಿಟ್ಟು ಬಿಟ್ಟು ಹಿಡೀರಿ ಭಾವ ಅಂತ ಬಡ್ಕೊಂಡ. ನಾನೇ ಕೇಳಲಿಲ್ಲ. ಮಗ್ಗದಾಗೆ ಕೂತೋನು ನೋಡ್ರಿ, ಸಾಲು ಮುಗಿಯೋತನಕ ಎದ್ದೇಳೋ ಅಭ್ಯಾಸ ಇಲ್ಲ ನನಗೆ." ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಕಂಕುಳಿಗೆ ಸೇರಿಸಿದ. "ಈ ಮೊಲದ ಮರೀನೇ ಕೊಡ್ರಿ."

ಪ್ರಭು ತಲೆಯಾಡಿಸಿ, ಈ ಕೈಯನ್ನು ಚಿತ್ರದುರ್ಗದ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದು ಎರಡು ಸಲ ಹೇಳಿ ಡಬ್ಬಿ ತರಲು ಒಳಗೆ ಹೋದ. ಮಾರುತೇಶ ಪೈಪು ಎಣಿಸುವುದನ್ನು ನಿಲ್ಲಿಸಿರಲಿಲ್ಲ. ಹನ್ನೊಂದಿದ್ದವು. ರಬ್ಬರ್ ಎಂಬ ಮಾತು ಪ್ರಭುವಿನ ಬಾಯಿಂದ ಇವತ್ತು ಬಂದಿರಲಿಲ್ಲ. ಅದು ಭಾವನಿಗೆ ಹೇಗೆ ಗೊತ್ತು? ಹಿಡಿಕೆಯನ್ನು ಬಿಚ್ಚಿ ತಾನೇ ನೋಡಿದ್ದನೋ, ಬೇರೆ ಕೆಲಸಗಾರರನ್ನು ಕೇಳಿದ್ದನೋ. ಯಾವಾಗಿನಿಂದ? ದೀಪಾವಳಿಗೆ ಟ್ಯೂಬಿನ ತುಂಡು ಎತ್ತಿ ಜೇಬಿಗೆ ಹಾಕಿಕೊಂಡಾಗಲೂ ಗೊತ್ತಿತ್ತೇ? ಸಿಕ್ಕಿಬೀಳುತ್ತೇನೆಂಬ ಹೆದರಿಕೆಯಲ್ಲಿ ಮೊಳಕಾಲ್ಮೂರಿನಿಂದ ಐವತ್ತು ಕಿಲೋಮೀಟರು ಕೂತು ಬಂದಿದ್ದ; ಸಿಕ್ಕಿಬೀಳದಂತೆ ಯಾರೋ ಕೈ ಅಡ್ಡ ಹಿಡಿದರೆ ಹೀಗಾಗುತ್ತದೆಂದು ತಿಳಿದಿರಲಿಲ್ಲ. ಅವನು ತನ್ನ ಮಾನಕ್ಕಾಗಿ ಭಾವನನ್ನು ಒಬ್ಬ ಸಾವ್ಕಾರನ ಮುಂದೆ ಎಸೆದಿದ್ದ. ಭಾವ ಅವನ ಮಾನಕ್ಕಾಗಿ ತನ್ನನ್ನೇ ಮೂರು ಜನ ಅಪರಿಚಿತರ ಮುಂದೆ ದಡ್ಡನನ್ನಾಗಿ ಮಾಡಿಕೊಂಡ, ಅದೂ ತಮಾಷೆಯಾಗಿ, ಚಪ್ಪಲಿ ಹೊರಗೆ ಬಿಟ್ಟು ಬಂದು.

ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತರಿಸಿದರು. ಸೂರಪ್ಪ ಚಮಚ ಕೇಳಿ ಹಿಡಿಯಲ್ಲಿ ಹಿಡಿದು ತಿಂದ. ಮಾರುತೇಶ ಎರಡು ಸಲ ಬಾಯಿ ತೆರೆದು ಎರಡು ಸಲವೂ ಉಪ್ಪು ಕೇಳಿದ. "ಉಪ್ಪು ಸರಿಯಾಗೇ ಐತಲ್ಲೋ," ಎಂದ ಸೂರಪ್ಪ.

ಸೋಮಶೇಖರಪ್ಪನವರ ಸರದಿ ಅವತ್ತೇ ಇತ್ತು. ಮಧ್ಯಾಹ್ನ ಎರಡೂವರೆಗೆ ಗೇಟು ತೆರೆದಾಗ ಸಾವ್ಕಾರರು ಪಡಸಾಲೆಯಲ್ಲಿ ಬೆಳಗಿನ ಪೇಪರನ್ನು ಎರಡನೇ ಸಲ ಓದುತ್ತಿದ್ದರು. ಅವರಿಗೂ ಬೇಲಿಗೂ ನಡುವೆ ಹತ್ತು ಹೆಜ್ಜೆ. ಸೂರಪ್ಪ ಸರಳು ನೆಟ್ಟು ದಾರ ಬಿಗಿದ. ಪ್ಲಾಸ್ಟಿಕ್ ದಾರ, ಸರಳಿಗೆ ಗಂಟು ಹಾಕದೆ ನಾಲ್ಕು ಸುತ್ತು ಸುತ್ತಿ ಸಿಕ್ಕಿಸಿದ. ಮಾರುತೇಶ ಅದನ್ನೂ ಗಮನಿಸಿದ. ಆಮೇಲೆ ಯಂತ್ರವನ್ನು ತಾನೇ ಎತ್ತಿಕೊಂಡ.

"ಏನಪ್ಪಾ, ಇವತ್ತು ಮೇಸ್ತ್ರಿನೇ ಇಳಿದಾನೆ," ಎಂದರು ಸೋಮಶೇಖರಪ್ಪ ಪೇಪರಿನ ಮೇಲಿಂದ. "ಇದೇನು, ಚಿಕ್ಕದಾಗೈತಲ್ಲ."

"ಬ್ಯಾಟರೀದು ಸಾವ್ಕಾರ್ರೆ."

"ಗಿಡ ಕತ್ತರಿಸುತ್ತಾ, ಗಡ್ಡ ಹೆರೆಯುತ್ತಾ?"

ಮಾರುತೇಶ ನಕ್ಕ. ಯಂತ್ರ ಓಡಿಸಿದ. ಹದಿನೈದು ಅಡಿ ಹೋಗುವಷ್ಟರಲ್ಲಿ ಹೆಗಲು ಹಿಡಿದುಕೊಂಡಿತು. ಮೂರೂವರೆ ಕಿಲೋ ಚಿಲ್ಲರೆಗೆ ಹೀಗೆ, ಅದರ ಹತ್ತಿರ ಹತ್ತಿರ ಎರಡರಷ್ಟು ತೂಕವನ್ನು ಭಾವ ಹಿಡಿದದ್ದು ಒಂದು ವರ್ಷ, ದಿನಕ್ಕೆ ಐದಾರು ಗಂಟೆ. ಹಿಂದಿನಿಂದ ಸೂರಪ್ಪ, "ಇಳಿಸು, ಅರ್ಧ ಬೆರಳು ಇಳಿಸು," ಎನ್ನುತ್ತಿದ್ದ. ಇಳಿಸಿದ್ದು ಹೆಚ್ಚಾಯಿತು. ಅಲಗು ದಾರಕ್ಕೆ ತಾಗಿತು, ದಾರ ಎರಡು ತುಂಡಾಗಿ ಎರಡೂ ಕಡೆ ಸರ್ರನೆ ಸರಿದು ಗಿಡದ ಮೇಲೆ ಬಿತ್ತು.

"ದಾರಕ್ಕೂ ಕಟಿಂಗ್ ಮಾಡ್ತೀಯೇನಪ್ಪ," ಎಂಬ ಮಾತು ಪಡಸಾಲೆಯಿಂದ ಬಂತು. ಅವತ್ತಿನದೇ ನಗು. ಈ ಸಲ ಅದನ್ನು ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ.

ಸೂರಪ್ಪ ಎರಡೂ ತುದಿಗಳನ್ನು ಹುಡುಕಿ ತಂದು ಮಾರುತೇಶನ ಮುಂದೆ ಹಿಡಿದ. "ನೀನೇ ಗಂಟು ಹಾಕು. ನನ್ನ ಬೆರಳಿಗೆ ಆಗಲ್ಲ," ಎಂದ. ಆರು ತಿಂಗಳಿಂದ ಗೋಡೆಗಳ ಒಳಗೆ ಬಾಗಿಲು ಮುಂದೆ ಮಾಡಿ ಇಟ್ಟಿದ್ದ ಮಾತನ್ನು ಸಾದಾ ಸ್ವರದಲ್ಲಿ, ಹೊತ್ತೆಷ್ಟು ಎಂದು ಹೇಳುವ ಹಾಗೆ ಹೇಳಿದ. ಮಾರುತೇಶ ಯಂತ್ರವನ್ನು ಕೆಳಗಿಟ್ಟ. ಗಂಟು ಹಾಕಿದ, ಎಳೆದ, ಜಾರಿತು. ಮತ್ತೆ ಹಾಕಿದ. ಬೆವರಿದ ಕೈ, ನುಣುಪು ದಾರ. ಸೂರಪ್ಪ ಗಿಡದ ಬುಡಕ್ಕೆ ಬಗ್ಗಿದ. ಹಂಡೆ ಒಲೆಯ ಬೂದಿಯನ್ನು ಸಾವ್ಕಾರರ ಮನೆಯವರು ಡುರಾಂಟದ ಬುಡಕ್ಕೇ ಸುರಿಯುತ್ತಿದ್ದರು. ಒಂದು ಹಿಡಿ ಎತ್ತಿ, ಮಾರುತೇಶನ ಬಲಗೈ ಹಿಡಿದು, ಒಂದೊಂದೇ ಬೆರಳ ತುದಿಗೆ ತನ್ನ ಅಂಗೈಯಿಂದ ಬೂದಿ ತಿಕ್ಕಿದ. ಭಾವನ ಬೆರಳು ತಣ್ಣಗಿದ್ದವು. ತಾವು ಏನನ್ನು ಮುಟ್ಟುತ್ತಿದ್ದೇವೆಂಬುದು ಅವಕ್ಕೆ ಗೊತ್ತಿಲ್ಲ ಎಂಬುದು ಮಾರುತೇಶನಿಗೆ ಗೊತ್ತಾಗುತ್ತಿತ್ತು.

"ಭಾವ," ಎಂದ. ಸ್ವರ ಗಿಡದ ಎತ್ತರಕ್ಕೂ ಏರಲಿಲ್ಲ. "ನಾನು ನಿಮಗೆ ಹೇಳಲೇ ಇಲ್ಲ. ಪ್ರಭು ಅವತ್ತೇ ಹೇಳಿದ್ದ. ಗೊತ್ತಿದ್ದೇ ತಂದೆ."

ಸೂರಪ್ಪ ಬಲಗಿವಿಯನ್ನು ಅವನತ್ತ ತಿರುಗಿಸಿದ. "ಏನಂದೆ?"

ಅಕ್ಕ ಹೇಳಿದ್ದು ನೆನಪಾಯಿತು, ಜೋರಾಗಿ ಹೇಳು. ಪಡಸಾಲೆ ಹತ್ತು ಹೆಜ್ಜೆ. ಏನಿಲ್ಲ ಎನ್ನಬಹುದಿತ್ತು, ದಾರ ಸರಿ ಐತಾ ಅಂದೆ ಎನ್ನಬಹುದಿತ್ತು. ಎರಡೂ ಮಾತು ನಾಲಿಗೆಯ ತುದಿಗೆ ಬಂದು ಸಿದ್ಧವಾಗಿ ನಿಂತಿದ್ದವು. ದೀಪಾವಳಿಯ ಹೊತ್ತಿಗೆ ಇದೇ ಸ್ವರ ಎಷ್ಟು ಸಲೀಸಾಗಿ ಗೇಟಿನಾಚೆ ಹೋಗಿತ್ತು. ಸೂರಪ್ಪ ಕಿವಿ ತಿರುಗಿಸಿಕೊಂಡೇ ನಿಂತಿದ್ದ.

"ಆ ಮಿಷನ್ ದಿನಾ ಹಿಡಿಯೋರಿಗೆ ಆಗಲ್ಲ, ಬೆರಳು ಹೋಗ್ತಾವೆ ಅಂತ ಅಂಗಡಿಯೋನು ನನಗೆ ಹೇಳಿದ್ದ," ಎಂದ ಮಾರುತೇಶ, ಗಟ್ಟಿಯಾಗಿ. "ನಾನು ನಿಮಗೆ ಹೇಳಲಿಲ್ಲ. ಹಿಡಿಯೋನು ನಾನಲ್ಲ ಅಂತ ತಂದೆ. ನೀವು ಟ್ಯೂಬ್ ಕಟ್ಟಿದ್ದು ಯಾಕೆ ಅಂತ ಗೊತ್ತಿದ್ದೇ ಅವತ್ತು ಇಲ್ಲಿ ನಿಮಗೆ ಹಂಗಂದೆ."

ಪಡಸಾಲೆಯಲ್ಲಿ ಪೇಪರು ಕೆಳಗಿಳಿದ ಸದ್ದಾಯಿತು. ಸೋಮಶೇಖರಪ್ಪ ಕನ್ನಡಕ ತೆಗೆದು ಮೊದಲು ಮಾರುತೇಶನನ್ನು, ಆಮೇಲೆ ಸೂರಪ್ಪನ ಕೈಗಳನ್ನು ನೋಡಿದರು. ಆ ನೋಟ ಎಷ್ಟು ಹೊತ್ತು ಇತ್ತೋ, ಮಾರುತೇಶ ಬೂದಿ ಹತ್ತಿದ ತನ್ನ ಬೆರಳುಗಳನ್ನೇ ನೋಡುತ್ತ ನಿಂತ.

"ಮೊದಲ್ನೇ ಸಲಾನೇ ಕೇಳಿಸಿತ್ತು," ಎಂದ ಸೂರಪ್ಪ ಮೆಲ್ಲಗೆ. ದಾರದ ಎರಡು ತುದಿಗಳನ್ನು ಮತ್ತೆ ಅವನ ಕೈಗಿತ್ತ. "ಈಗ ಜಾರಲ್ಲ. ಹಾಕು."